ಕಾಲ ಮೇಲಿನ ಚಾಪೆ

ಚಕ್ಕಳಮಕ್ಕಳ ಹಾಕಲು ಪೆತೆಲೊ ಮೊಣಕಾಲನ್ನು ಎರಡೂ ಕೈಯಿಂದ ಎಳೆದುಕೊಂಡ. ಹರಿದ ಲಿಗಮೆಂಟಿಗೆ ಆಪರೇಷನ್ ಆಗಿ ಐದು ತಿಂಗಳಾದರೂ ಅದು ಅರ್ಧಕ್ಕೇ ಬಿಗಿದು ನಿಂತಿತು. ಭಾನುವಾರದ ಊಟಕ್ಕೆ ಮನೆಮಂದಿಯೆಲ್ಲ ನೆಲದ ಮೇಲೆ ಕೂತಿದ್ದರು. ಹಿರಿಯರೆದುರು ಕಾಲು ಚಾಚುವಂತಿರಲಿಲ್ಲ.

"ರಗ್ಬೀಲಿ ಊರನ್ನೇ ಬೀಳಿಸ್ತಿದ್ಯಲ್ಲೋ, ಈಗ ನಿನ್ ಕಾಲೇ ನಿನ್ ಮಾತು ಕೇಳಲ್ವಾ?" ಬಡಿಸಲು ನಿಂತಿದ್ದ ಗೆಳೆಯ ಫೆತು ಕಿಚಾಯಿಸಿದ. ಪೆತೆಲೊಗೂ ನಗು ಬಂತು.

ಅಷ್ಟರಲ್ಲಿ ಲೂಪೆ ಚಿಕ್ಕಮ್ಮ ಸಣ್ಣ ಚಾಪೆಯೊಂದನ್ನು ತಂದಳು. "ಚಾಚ್ಕೋ ಮಗಾ, ಮುಚ್ಕೊಂಡ್ರೆ ತಪ್ಪಿಲ್ಲ," ಎಂದು ಅವನ ಕಾಲಿಗೆ ಹೊದಿಸಿದಳು. ಸಾಯುವವರೆಗೂ ಅಜ್ಜನ ಕಾಲ ಮೇಲಿದ್ದ ಚಾಪೆ ಅದು. ಅಂಚಿನಲ್ಲಿ ಅವನ ಬೀಡಿ ಸುಟ್ಟ ಕಲೆ ಇನ್ನೂ ಇತ್ತು.

ಫೆತು ನಗು ನಿಲ್ಲಿಸಿದ. ಕೆಸುವಿನ ಗೆಡ್ಡೆಯ ತಟ್ಟೆಯನ್ನು ಮುದುಕರಿಗೆ ಕೊಡುವ ಹಾಗೆ ಬಗ್ಗಿ, ಎರಡೂ ಕೈಯಲ್ಲಿ ಪೆತೆಲೊನ ಮುಂದಿಟ್ಟ.

"ಇನ್ನೊಂದ್ಸಲ ಕಿಚಾಯ್ಸೋ," ಅಂದ ಪೆತೆಲೊ ಮೆಲ್ಲಗೆ.

ಫೆತು ತಲೆಯೆತ್ತದೆ ಮುಂದಿನವರಿಗೆ ಬಡಿಸಲು ಹೋದ.