ತಂತಿಯ ಮೇಲಿನ ಅಂಗಿ

ಕುಮುದಾ ಒಗೆದ ಗಂಡಸಿನ ಅಂಗಿಯೊಂದನ್ನು ತಂತಿಯ ಮೇಲೆ ಹರವುತ್ತಿದ್ದಳು. ಸಂಸಾರಸ್ಥರಿಗಷ್ಟೇ ಬಾಡಿಗೆಗೆ ಮನೆ ಕೊಡುವ ಬಡಾವಣೆ ಅದು. ಗಂಡ ಬಿಟ್ಟುಹೋದದ್ದು ಬೇರೆ ಯಾರಿಗೂ ತಿಳಿಯದಿರಲೆಂದು ಪಕ್ಕದ ಮನೆಯ ಚಂದ್ರಕ್ಕನೇ ಆ ಹಳೆಯ ಅಂಗಿ ಕೊಟ್ಟಿದ್ದಳು.

ಮನೆ ಮಾಲೀಕರು ಗೇಟಿನಲ್ಲೇ ನಿಂತು, "ಒಂಟಿ ಹೆಂಗಸರಿಗೆ ಮನೆ ಕೊಡಲ್ಲ ಅಂದಿದ್ನಲ್ಲಮ್ಮ? ತಿಂಗಳೊಳಗೆ ಖಾಲಿ ಮಾಡಿ," ಎಂದು ಹೇಳಿ ಹೋದರು.

ಚಂದ್ರಕ್ಕ ಓಡಿಬಂದು ತಬ್ಬಿಕೊಂಡಳು. "ಯಾವ ಮನೆಹಾಳರು ಚಾಡಿ ಹೇಳಿದ್ರೇ! ಅಳಬೇಡ, ನಾನಿದೀನಿ." ಸಮಾಧಾನ ಹೇಳುತ್ತಲೇ ಅಡುಗೆಮನೆಯೊಳಗೆ ಇಣುಕಿದಳು. "ಅಯ್ಯೋ, ಒಲೆ ಕಟ್ಟೆ ಎಷ್ಟು ಗಿಡ್ಡ! ನಮ್ಮ ತಂಗಿ ಇಲ್ಲಿಗೆ ಬಂದ್ರೆ ಬಗ್ಗಿ ಬಗ್ಗಿ ಅವಳ ಸೊಂಟ ಬಿದ್ದೋಗುತ್ತೆ. ಎತ್ತರಿಸಿಕೊಡಿ ಅಂತ ಓನರಿಗೆ ಹೇಳ್ಬೇಕು."

ಕುಮುದಾ ಅವಳ ತೋಳಿನಿಂದ ಮೆಲ್ಲಗೆ ಬಿಡಿಸಿಕೊಂಡಳು.

"ಹೊಸ ಮನೆ ಸಿಕ್ಕಿದ್ರೆ ಮೊದಲು ನಂಗೇ ಹೇಳ್ಬೇಕು ಕಣೇ!"

"ಹೇಳ್ತೀನಕ್ಕ," ಎಂದ ಕುಮುದಾ, ಹೇಳಬಾರದೆಂದು ಮನಸ್ಸಿನಲ್ಲೇ ನಿಶ್ಚಯಿಸಿದಳು.