ಎರಡು ಕಮಲದ ನಾಣ್ಯ

ಕೈತಪ್ಪಿ ತಾನೇ ಅದನ್ನು ಕಿರಾಣಿ ಅಂಗಡಿಗೆ ಕೊಟ್ಟುಬಿಟ್ಟನೇ? ಪಾಲಾಕ್ಷಪ್ಪ ಖಾಲಿ ಬೆಂಕಿಪೊಟ್ಟಣವನ್ನು ಮೂರನೇ ಸಲ ತೆರೆದು ನೋಡಿದ. ಏಳು ವರ್ಷ ಕೊಟ್ಟೂರಿನ ಬ್ಯಾಂಕಿನಿಂದ ಕಾಗದ ಸುತ್ತಿದ ಚಿಲ್ಲರೆ ತಂದು, ಒಂದೊಂದನ್ನೇ ತಿರುವಿ ನೋಡಿದ ಮೇಲೆ ಸಿಕ್ಕಿದ್ದ ನಾಣ್ಯ. ಹಿತ್ತಾಳೆ ಬಣ್ಣದ ಇಪ್ಪತ್ತು ಪೈಸೆ. ಸಿಂಹಗಳಿರಬೇಕಾದ ಕಡೆಯೂ ಕಮಲವೇ ಮೂಡಿತ್ತು. ಅದನ್ನು ಕೊಳ್ಳಲು ನಾಳೆ ಹೊಸಪೇಟೆಯಿಂದ ಒಬ್ಬರು ಬರುವವರಿದ್ದರು.

“ಭರಮಿ, ಈ ಪೊಟ್ಣಕ್ಕ ಕೈ ಹಾಕಿದ್ಯೇನ?”

“ಹೂಂ ರೀ. ಅಕ್ಕಸಾಲ್ಯಾರ ಕಡೆ ತೂತು ಹಾಕಿಸ್ಕೊಂಡು ಬಂದೆ,” ಎಂದಳು ಹೆಂಡತಿ ಭರಮಮ್ಮ.

“ತೂತಾ?” ಅವನು ಪೊಟ್ಟಣವನ್ನು ಗೋಡೆಗೆ ಬೀಸಿ ಒಗೆದ. “ತಲಿ ಐತೇನ ನಿನಗ? ಏಳು ವರ್ಷ ಕಣ್ಣು ಕಳಕೊಂಡು ಹುಡುಕಿದ್ದನ್ನ ಹಾಳು ಮಾಡಿದ್ಯಲ್ಲ! ಒಂದು ಮಾತು ಕೇಳಾಕ ಏನಾಗಿತ್ತು?”

“ಕೂಗಬ್ಯಾಡ್ರಿ, ಈಗರ ಮಲಗ್ಯಾಳ.” ಅವಳು ತೊಟ್ಟಿಲಿನಿಂದ ಕೈ ತೆಗೆಯಲಿಲ್ಲ. “ಎರಡೂ ಕಡಿ ಕಮಲ, ಎರಡೂ ಕಡಿ ಲಕ್ಷ್ಮಿ ಕುಂತಾಳ ಅದರಾಗ. ಹೋದ ಕೂಸಿಗೆ ನಾವು ಏನೂ ಕಟ್ಟಿದ್ದಿಲ್ಲ. ಇದನ್ನರ ಆಕಿ ಕಾಯಲಿ.”

ಕಿತ್ತುಕೊಳ್ಳಲೆಂದೇ ಅವನು ತೊಟ್ಟಿಲಿಗೆ ಬಗ್ಗಿದ. ಕಪ್ಪು ದಾರದ ನಾಣ್ಯ ಮಗುವಿನ ಎದೆಯ ಮೇಲೆ ಉಸಿರಿನೊಂದಿಗೆ ಏರಿ ಇಳಿಯುತ್ತಿತ್ತು. ಚಾಚಿದ ಕೈಗೆ ದಾರದ ಗಂಟು ಸಿಕ್ಕಿತು, ಸಡಿಲವಾಗಿತ್ತು. ಅವನು ಅದಕ್ಕೆ ಇನ್ನೊಂದು ಗಂಟು ಹಾಕಿದ.

ಎರಡೂ ಕಡೆ ಕಮಲ ಮೂಡಿದ್ದು ಬರೀ ಟಂಕಸಾಲೆಯವರ ಅಚ್ಚಿನ ತಪ್ಪು ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.