ಕೊನೆಯ ಬ್ಲಾಗ್

ಜನರ ಬಾಯಿ ಮುಚ್ಚಿಸುವ ಮಂತ್ರಿಗಳನ್ನು ವಿಶ್ವಂಭರ ಅಂದೂ ತನ್ನ ಬ್ಲಾಗಿನಲ್ಲಿ ಹಿಗ್ಗಾಮುಗ್ಗಾ ಝಾಡಿಸಿದ. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ, "ಇದೇ ಕೊನೆ. ಇನ್ನು ಬರೆಯೋದಿಲ್ಲ" ಎಂದ.

"ಯಾಕ್ರೀ?" ಎಂದಳು ಬೀನ್ಸಿನ ನಾರು ಬಿಡಿಸುತ್ತಿದ್ದ ಹೆಂಡತಿ.

"ಯಾರಿಗೆ ಬರೀಲಿ? ಬೆಕ್ಕು ಆಕಳಿಸಿದ್ರೆ ಸಾವಿರ ಜನ ಲೈಕ್ ಒತ್ತುತ್ತಾರೆ. ದೇಶದ ವಿಷಯ ಬರೆದ್ರೆ ವರ್ಷದಿಂದ ಒಂದೇ ಒಂದು ಕಾಮೆಂಟಿಲ್ಲ. ದಂಡಪಿಂಡಗಳು!"

"ಮೊದಲು ಯಾರೋ ಬರೆದಿದ್ರಲ್ಲ, ನೀವು ಹೇಳಿದ್ದು ತಪ್ಪು ಅಂತ?"

"ಅವನಾ? ತಲೆಹರಟೆ! ನಾನು ಒಪ್ಪಿದ ಮೇಲೇ ಕಾಮೆಂಟು ಕಾಣಿಸೋ ಹಾಗೆ ಅವತ್ತೇ ಸೆಟ್ಟಿಂಗ್ ಬದಲಾಯಿಸಿಬಿಟ್ಟೆ."

"ಮತ್ತೆ, ಒಪ್ಪಿಗೆ ಕೊಡೋದು ಎಲ್ಲಿ?"

ಅವನು ಕುರ್ಚಿಯನ್ನು ಮತ್ತೆ ಕಂಪ್ಯೂಟರಿನ ಮುಂದಕ್ಕೆ ಎಳೆದುಕೊಂಡ. ತಡಕಾಡಿ, ಎಂದೂ ಒತ್ತದ ಗುಂಡಿಯೊಂದನ್ನು ಒತ್ತಿದ. ಅವನ ಒಪ್ಪಿಗೆಗೆ ಕಾದು ಕೂತಿದ್ದ ಕಾಮೆಂಟುಗಳು ಪುಟಗಟ್ಟಲೆ ಬಿಚ್ಚಿಕೊಂಡವು. ಎಲ್ಲಕ್ಕಿಂತ ಮೇಲಿನದು ಈಗಷ್ಟೇ ಬಂದಿತ್ತು:

"ಸಾರ್, ವರ್ಷದಿಂದ ಬರೀತಾನೇ ಇದ್ದೀನಿ, ನೀವು ಒಂದನ್ನೂ ಹಾಕಲ್ಲ. ನಿಮಗಿಂತ ಆ ಮಂತ್ರಿಗಳೇ ವಾಸಿ. ಅವರು ಕೇಳಿಸಿಕೊಂಡ ಮೇಲೆ ಬಾಯಿ ಮುಚ್ಚಿಸ್ತಾರೆ."